ಉಪಾಧ್ಯಾಯರಿಗೂ ಶಾಲೆಯ ಸಹಾಯಕಿಯರಿಗೂ ಕೊಡತಕ್ಕ ಕಾಣಿಕೆ

ಓದತಕ್ಕ ಭಾಗಗಳು: ಮತ್ತಾಯ 2: 1–12, ಮಾರ್ಕ 12: 41–44, ಗಲಾತ್ಯ 6: 6.



ಕ್ರಿಸ್ತಜಯಂತಿಯು ಸಮೀಪಿಸುತ್ತಲೇ ಚಳ್ಳಕೆರೆ ಮೊಳಕಾಲ್ಮುರು ಸೀಮೆಯ ನಮ್ಮ ಸಭೆಗಳಲ್ಲಿ ತಾಯಂದಿರು ನನ್ನನ್ನು ಕೇಳುವ ಪ್ರಶ್ನೆಯೊಂದುಂಟು: "ಉಪದೇಶಿಗಳೇ, ಮಕ್ಕಳಿಗೆ ಓದು ಕಲಿಸುವ ಮೇಷ್ಟರಿಗೆ ಹಬ್ಬಕ್ಕೆ ಏನಾದರೂ ಕೊಡಬೇಕಲ್ಲಾ, ಕೈಯಲ್ಲಿ ಕಾಸಿಲ್ಲ, ಏನು ಕೊಡೋಣ?" ಈ ಪ್ರಶ್ನೆಯು ಸಣ್ಣದೆಂದು ನಾನು ಬಹುಕಾಲ ಎಣಿಸಿದ್ದೆನು. ಅದು ಸಣ್ಣದಲ್ಲವೆಂದು ತಿಳಿದದ್ದರಿಂದ ಈ ತಿಂಗಳ ಪಾಠವನ್ನು ಅದರ ವಿಷಯವಾಗಿಯೇ ಬರೆಯುತ್ತೇನೆ.

ಉಪದೇಶ ಹೊಂದುವವನು ತನಗುಂಟಾದ ಒಳ್ಳೆಯವುಗಳಲ್ಲಿ ಉಪದೇಶಕನಿಗೂ ಪಾಲುಕೊಡಬೇಕೆಂದು ಪೌಲನು ಗಲಾತ್ಯದವರಿಗೆ ಬರೆದನು. ಆ ಮಾತು ದೇವರ ವಾಕ್ಯವನ್ನು ಕಲಿಸುವವರನ್ನು ಕುರಿತದ್ದೆಂಬದು ನಿಜ. ಆದರೂ ನಮ್ಮ ಮಕ್ಕಳು ಸತ್ಯವೇದವನ್ನು ತಾವಾಗಿ ಓದಬಲ್ಲವರಾದದ್ದು ಯಾರಿಂದ? ಅಕ್ಷರವನ್ನು ತಿದ್ದಿಸಿದವರಿಂದಲ್ಲವೋ? ಗುರುವನ್ನು ಸನ್ಮಾನಿಸುವದು ಕ್ರೈಸ್ತರು ಈ ನಾಡಿಗೆ ತಂದ ಹೊಸ ಸಂಗತಿಯೇನೂ ಅಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ, ಅದರ ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿಯೂ ಅಶೋಕಚಕ್ರವರ್ತಿಯ ಶಾಸನಗಳಿವೆ. ರೈಸ್ ದೊರೆಗಳು 1892ರಲ್ಲಿ ಅವುಗಳನ್ನು ಕಂಡುಹಿಡಿದರು. ಕ್ರಿ. ಪೂ. 3ನೆಯ ಶತಮಾನದ ಆ ಬಂಡೆಬರಹದಲ್ಲಿ ತಂದೆತಾಯಿಗಳ ಮಾತನ್ನು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬ ಬುದ್ಧಿವಾದದ ಜೊತೆಗೆ, ಶಿಷ್ಯನು ಗುರುವನ್ನು ಗೌರವಿಸಬೇಕೆಂಬ ಮಾತೂ ಇದೆ. ನಮ್ಮ ದನಕುರಿಗಳು ಮೇಯುವ ಗುಡ್ಡದ ಕಲ್ಲೇ ಅದನ್ನು ಹೇಳುತ್ತಿರುವಾಗ ನಾವು ಸುಮ್ಮನಿರುವದು ಹೇಗೆ?

ಇನ್ನು ನನ್ನದೊಂದು ತಪ್ಪನ್ನು ಹೇಳುತ್ತೇನೆ. ನಾನು ಉಪದೇಶಕನಾದ ಹೊಸದರಲ್ಲಿ ಒಂದು ಊರಿನ ಸಭೆಯವರಿಂದ ಉಪಾಧ್ಯಾಯರ ಕಾಣಿಕೆಗೆಂದು ಹಣ ಕೂಡಿಸಿ, ಯಾರು ಯಾರು ಎಷ್ಟು ಕೊಟ್ಟರೆಂಬದನ್ನು ಆರಾಧನೆಯ ಕಡೆಯಲ್ಲಿ ಗಟ್ಟಿಯಾಗಿ ಓದಿದೆನು. ಹಾಗೆ ಓದಿದರೆ ಜನರಿಗೆ ಹುರುಪು ಬರುವದೆಂದು ನನ್ನ ಎಣಿಕೆ. ಆ ಪಟ್ಟಿಯಲ್ಲಿ ಒಬ್ಬ ವಿಧವೆಯ ಹೆಸರು ಇರಲಿಲ್ಲ. ಆಕೆಯ ಮಗಳು ನಾಲ್ಕು ದಿನ ಶಾಲೆಗೆ ಹೋಗಲಿಲ್ಲ. ಜ್ವರವೋ ಎಂದು ವಿಚಾರಿಸಲು ಹೋದಾಗ ಹುಡುಗಿಯು ಬಾಗಿಲ ಹಿಂದೆ ನಿಂತುಕೊಂಡಳು. ತಾಯಿ ಮಾತ್ರ, "ನಾವು ಕೊಡಲಿಲ್ಲವೆಂದು ಎಲ್ಲರಿಗೂ ಗೊತ್ತಾಯಿತಲ್ಲಾ ಸ್ವಾಮೀ," ಎಂದಳು. ಬೇರೆ ಏನೂ ಹೇಳಲಿಲ್ಲ. ಮಗುವಿಗೆ ಓದು ಕಲಿಸಿದವರಿಗೆ ಕೃತಜ್ಞತೆ ಸಲ್ಲಿಸಹೋಗಿ ಒಂದು ಮಗುವನ್ನು ಶಾಲೆಯಿಂದಲೇ ದೂರಮಾಡಿದೆನು.

ಮಾರ್ಕನ ಸುವಾರ್ತೆಯನ್ನು ಗಮನವಿಟ್ಟು ಓದಿರಿ. ಆ ಬಡ ವಿಧವೆಯು ಎರಡು ಕಾಸುಗಳನ್ನು ಹಾಕಿದ್ದನ್ನು ಯೇಸುಸ್ವಾಮಿಯು ನೋಡಿದನು. ಆದರೆ ಆಕೆಯನ್ನು ಕರೆದು ಜನರ ಮುಂದೆ ನಿಲ್ಲಿಸಲಿಲ್ಲ. ತನ್ನ ಶಿಷ್ಯರನ್ನು ಹತ್ತಿರಕ್ಕೆ ಕರೆದು ಅವರಿಗೆ ಹೇಳಿದನು. ಆಕೆಗೆ ಆ ಮಾತು ಕೇಳಿಸಿತೋ ಇಲ್ಲವೋ! ಆದದರಿಂದ ಈಗ ನಾವು ಮಾಡುವ ಕ್ರಮವು ಇದು: ಡಿಸೆಂಬರ್ ಮೊದಲನೆಯ ಭಾನುವಾರ ಬಾಯಿ ಕಟ್ಟಿದ ಒಂದು ಮಡಕೆಯನ್ನು ಮೂಲೆಯಲ್ಲಿ ಇಡುತ್ತೇವೆ. ಹಾಕುವವರು ಹಾಕಲಿ, ಹಾಕಲಾರದವರು ಸುಮ್ಮನೆ ಕೈ ತಾಗಿಸಿ ಹೋಗಲಿ, ಲೆಕ್ಕ ಬರೆಯುವದಿಲ್ಲ. ಹತ್ತು ಮನೆಯವರು ಇಪ್ಪತ್ತಿಪ್ಪತ್ತು ರೂಪಾಯಿ ಹಾಕಿದರೆ 200 ರೂಪಾಯಿ ಆಗುವದು, ಅಷ್ಟು ಸಾಕು. ಕಾಣಿಕೆಯ ಮೇಲೆ ಸಭೆಯ ಎಲ್ಲಾ ಮಕ್ಕಳ ಹೆಸರೂ ಇರುವದು.

ಏನು ಕೊಡಬಾರದೆಂಬದನ್ನು ಬೇಗನೆ ಹೇಳಿಬಿಡುತ್ತೇನೆ. ನಗದು ಹಣ, ಬೆಳ್ಳಿಬಂಗಾರ, ಬೆಲೆಯುಳ್ಳ ಬಟ್ಟೆ ಇವು ಬೇಡ. ಸರ್ಕಾರಿ ಉಪಾಧ್ಯಾಯರು ನಡತೆಯ ನಿಯಮಗಳಿಗೆ ಒಳಪಟ್ಟವರು. ಕಾಣಿಕೆ ತೆಗೆದುಕೊಳ್ಳುವದಕ್ಕೆ ಆ ನಿಯಮಗಳಲ್ಲಿ ಕಟ್ಟುಪಾಡುಂಟು. ನಮ್ಮ ಪ್ರೀತಿಯಿಂದ ಅವರಿಗೆ ತೊಂದರೆಯಾಗಬಾರದು. ಮೊಳಕಾಲ್ಮುರಿನ ಮಗ್ಗದ ಮನೆಯ ಒಬ್ಬ ಸಹೋದರನು ಶಿಕ್ಷಕಿಗೆ ರೇಷ್ಮೆ ಸೀರೆಯನ್ನೇ ಕೊಡುವೆನೆಂದನು. 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಆ ಸೀರೆಯ ಬೆಲೆ ಎಷ್ಟೆಂಬದು ನೇಯುವವನಿಗೆ ಗೊತ್ತಿಲ್ಲದೆ ಇದ್ದೀತೇ? ಸಾಲ ಮಾಡಿ ಕೊಟ್ಟ ಕಾಣಿಕೆಗೆ ಬಡ್ಡಿಯನ್ನು ಮಕ್ಕಳು ತೆರಬೇಕಾಗುವದು. ಮಗ್ಗದಲ್ಲಿ ಉಳಿದ ಬಣ್ಣದ ಎಳೆಗಳಿಂದ ಪುಸ್ತಕದೊಳಗೆ ಇಡುವ ಒಂದು ಕುಚ್ಚನ್ನು ಹೆಣೆದುಕೊಡು ಎಂದು ನಾನು ಅವನಿಗೆ ಹೇಳಿದೆನು.

ಜೋಯಿಸರು ತಂದದ್ದು ಚಿನ್ನ, ಧೂಪ, ರಕ್ತಬೋಳ. ಅವರು ತಮ್ಮ ದೇಶದಲ್ಲಿ ದೊರಕಿದ್ದನ್ನು ತಂದರು. ನಮ್ಮ ಸೀಮೆಯಲ್ಲಿ ದೊರಕುವದು ಶೇಂಗಾ. ಎಣ್ಣೆ ಗಿರಣಿಗಳಿಂದ ಹೆಸರುಗೊಂಡ ಚಳ್ಳಕೆರೆಯ ಸುತ್ತಲಿನವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಡದ ವರುಷದಲ್ಲಿ ಹಬ್ಬದ ಹೊತ್ತಿಗೆ ಹೊಸ ಕಾಳು ಮನೆಗೆ ಬಂದಿರುವದು. ಒಂದು ಕಿಲೋ ಕಾಳನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೂರಿ, ತರಿಯಾಗಿ ಕುಟ್ಟಿ, ಮುಕ್ಕಾಲು ಕಿಲೋ ಬೆಲ್ಲವನ್ನು ಕೂಡಿಸಿ ಮತ್ತೊಮ್ಮೆ ಕುಟ್ಟಿದರೆ ಕಾಳಿನ ಎಣ್ಣೆಯೇ ಹೊರಟು ಉಂಡೆ ಕಟ್ಟುವದಕ್ಕೆ ಬರುವದು. ನೀರನ್ನಾಗಲಿ ಹಾಲನ್ನಾಗಲಿ ಸೇರಿಸಬಾರದು; ಸೇರಿಸಿದರೆ ಬೇಗನೆ ಕೆಡುವದು. ಬೂಷ್ಟು ಹಿಡಿದ ಕಾಳನ್ನು, ಸುಕ್ಕಿ ಬಣ್ಣಗೆಟ್ಟ ಕಾಳನ್ನು ಆರಿಸಿ ಎಸೆಯಿರಿ, ಯಾಕಂದರೆ ಆ ಬೂಷ್ಟಿನಲ್ಲಿ ಈರಲನ್ನು ಕೆಡಿಸುವ ವಿಷವಿರುವದು, ಹುರಿದರೂ ಪೂರ್ಣವಾಗಿ ಹೋಗುವದಿಲ್ಲ. ಮೇಷ್ಟರಿಗೆ ಸಕ್ಕರೆ ಕಾಯಿಲೆಯಿದ್ದರೆ ಉಂಡೆಗೆ ಬದಲು ಶೇಂಗಾ ಚಟ್ನಿಪುಡಿಯನ್ನು ಮಾಡಿರಿ. ಶುಚಿಯಾದ ಡಬ್ಬಿಯಲ್ಲಿ ಹಾಕಿ, ಒಗೆದ ಬಟ್ಟೆಯಲ್ಲಿ ಕಟ್ಟಿದರೆ ಸಾಕು, ಹೊಳೆಯುವ ಕಾಗದ ಬೇಕಾಗಿಲ್ಲ.

ಇಲ್ಲಿ ಕೆಲವರು ಬಾಯಿಬಿಟ್ಟು ಹೇಳದ ಮಾತೊಂದುಂಟು. "ನಮ್ಮ ಕೈಯಡಿಗೆಯನ್ನು ಅವರು ತಿಂದಾರೋ?" ಎಂಬ ಅಂಜಿಕೆಯಿಂದಲೇ ಅಂಗಡಿಯ ಬಿಸ್ಕತ್ತಿನ ಪೊಟ್ಟಣವನ್ನು ಕೊಂಡು ಕಳುಹಿಸುವ ತಾಯಂದಿರನ್ನು ನಾನು ಬಲ್ಲೆನು. ಅವರನ್ನು ಗದರಿಸಲಾರೆನು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಮನಸ್ಸಿನೊಳಗಿನದು ಅಷ್ಟು ಬೇಗನೆ ಹೋಗಲಿಲ್ಲ. ಆದರೂ ಉಂಡೆಯನ್ನೇ ಕಳುಹಿಸಿರೆಂದು ನನ್ನ ಅಭಿಪ್ರಾಯ. ಬಹುಮಂದಿ ಉಪಾಧ್ಯಾಯರು ಮಕ್ಕಳ ಎದುರಿನಲ್ಲಿಯೇ ಮುರಿದು ತಿನ್ನುವದನ್ನು ಕಂಡಿದ್ದೇನೆ. ಒಬ್ಬರು ತಿನ್ನದೆ ಪಕ್ಕಕ್ಕೆ ಇಟ್ಟರೆ ನಾಚಿಕೆಯು ಅವರಿಗೆ ಸೇರಿದ್ದು, ಮಗುವಿಗೆ ಸೇರಿದ್ದಲ್ಲ. ಇದನ್ನು ಮಗುವಿಗೆ ಮುಂಚಿತವಾಗಿಯೇ ತಿಳಿಸಿ ಕಳುಹಿಸಿರಿ.

ಇನ್ನು ಶಾಲೆಯೆಂದರೆ ಮೇಷ್ಟರು ಮಾತ್ರವೋ? 2002ರಲ್ಲಿ ನಮ್ಮ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ ಆಮೇಲೆ ಎಲ್ಲೆಡೆಗೂ ಹಬ್ಬಿದ ಅಕ್ಷರ ದಾಸೋಹದ ಬಿಸಿಯೂಟವನ್ನು ಬೇಯಿಸುವ ಹೆಂಗಸರು, ಅಂಗನವಾಡಿಯಲ್ಲಿ ಕಸ ಗುಡಿಸಿ, ಕೂಸುಗಳನ್ನು ಮನೆಯಿಂದ ಕರತಂದು, ಮೂಗು ಒರಸಿ ಕೂಡಿಸುವ ಸಹಾಯಕಿ, ಕಾಯಂ ನೌಕರಿಯಿಲ್ಲದೆ ಗೌರವಧನದ ಮೇಲೆ ಪಾಠ ಹೇಳುವ ಅತಿಥಿ ಶಿಕ್ಷಕಿ, ಇವರಿಗೆ ಯಾರೂ ಏನೂ ಕೊಡುವದಿಲ್ಲ. ಸೆಪ್ಟೆಂಬರ್ 5ನೆಯ ತಾರೀಖಿನ ಶಿಕ್ಷಕರ ದಿನದಲ್ಲಿಯೂ ಸಹಾಯಕಿಯು ಕುರ್ಚಿ ಹಾಕುವವಳೇ ಹೊರತು ಕೂಡುವವಳಲ್ಲ. ಮಡಕೆಯಲ್ಲಿ ಬಿದ್ದದ್ದು ಒಬ್ಬರಿಗೆ ಮಾತ್ರ ಸಾಲುವದಾದರೆ ಸಹಾಯಕಿಗೆ ಮೊದಲು ಕೊಡಿರೆಂದು ನಾನು ಹೇಳುವೆನು. ಅಡಿಗೆಯವಳಿಗೆ ಕಾದ ಪಾತ್ರೆ ಹಿಡಿಯುವ ಎರಡು ದಪ್ಪ ಬಟ್ಟೆಗಳು, ಕೈಗೆ ಹಚ್ಚಿಕೊಳ್ಳಲು ಒಂದು ಸೀಸೆ ಕೊಬ್ಬರಿ ಎಣ್ಣೆ. ನೆಲದ ಮೇಲೆ ಕೂತು ಕೂಸುಗಳನ್ನು ಆಡಿಸುವವಳಿಗೆ, ಹತ್ತು ಹನ್ನೆರಡು ಮನೆಗಳು ಸೇರಿ ಆಗುವದಾದರೆ, ಚಳ್ಳಕೆರೆಯ ಒಂದು ಕರೀ ಕಂಬಳಿ. ಹುಣಿಸೆಬೀಜದ ಗಂಜಿ ಹಾಕಿ ನೇಯ್ದ ಆ ಕಂಬಳಿಯು ಡಿಸೆಂಬರಿನ ಚಳಿಯಲ್ಲಿ ಎಷ್ಟು ಬೆಚ್ಚಗಿರುವದೆಂಬದನ್ನು ಕುರಿ ಕಾಯ್ದವರನ್ನೇ ಕೇಳಿರಿ. ಮೇಷ್ಟರಿಗಾದರೋ ತಿದ್ದುವದಕ್ಕೆ ಎರಡು ಕೆಂಪು ಪೆನ್ನುಗಳು ಸಾಕು.

ಕಾಸೇ ಇಲ್ಲದ ಮನೆಯವರಿಗೆ ಕಾಗದವಿದೆ. ಬೇತ್ಲೆಹೇಮಿನ ಕುರುಬರು ಏನನ್ನಾದರೂ ಹೊತ್ತುಕೊಂಡು ಹೋದರೆಂದು ಲೂಕನು ಬರೆಯಲಿಲ್ಲ. ಕುರಿಮರಿಯನ್ನು ಅವರ ತೋಳಿಗೆ ಕೊಟ್ಟದ್ದು ನಮ್ಮ ಭಾನುವಾರ ಶಾಲೆಯ ನಾಟಕದವರು. ಅವರು ತಾವು ಕೇಳಿದ್ದನ್ನು ಹೇಳಿದರು, ಅಷ್ಟೇ. ಹಾಗೆಯೇ ಮಗುವು ಒಂದು ನಿಜವಾದ ಸಂಗತಿಯನ್ನು ಬರೆಯಲಿ: "ಭಿನ್ನರಾಶಿ ನನಗೆ ತಿಳಿಯದಿದ್ದಾಗ ನೀವು ಶೇಂಗಾ ಕಾಳನ್ನು ಎರಡಾಗಿ ಸೀಳಿ ತೋರಿಸಿದಿರಿ. ಈಗ ನನಗೆ ಬರುತ್ತದೆ." ಕೆಳಗೆ ತಂದೆಯು ಸಹಿ ಹಾಕಲಿ, ಬಾರದಿದ್ದರೆ ಹೆಬ್ಬೆಟ್ಟು ಒತ್ತಲಿ. ಕಾಗದವನ್ನು ಉಪದೇಶಕನಿಂದ ಬರೆಯಿಸಬೇಡಿರಿ. ಒಂದು ವರುಷ ನಾನೇ ಒಂಬತ್ತು ಮಕ್ಕಳಿಗೆ ಬರೆದುಕೊಟ್ಟು, ಒಂಬತ್ತೂ ಒಂದೇ ತೆರನಾಗಿದ್ದು, ಮೇಷ್ಟರು ನಕ್ಕುಬಿಟ್ಟರು. ಅಕ್ಷರ ತಪ್ಪಿದರೆ ತಪ್ಪಲಿ. ತಿದ್ದುವದಕ್ಕೆ ಕೆಂಪು ಪೆನ್ನನ್ನು ಕೊಟ್ಟಿದ್ದೇವಷ್ಟೆ.

ಡಿಸೆಂಬರ್ 25 ರಜೆಯ ದಿನವಾದದರಿಂದ ಅದರ ಹಿಂದಿನ ಶಾಲಾದಿನದಲ್ಲಿ, ಪಾಠ ಮುಗಿದ ಮೇಲೆ, ಮಕ್ಕಳೆಲ್ಲರೂ ಕೂಡಿ ಹೋಗಿ ಕೊಡಲಿ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು: ನಿಮ್ಮ ಊರಿನ ಶಾಲೆಯಲ್ಲಿ ಅಡಿಗೆ ಮಾಡುವವರ ಹೆಸರೇನು? ಅಂಗನವಾಡಿಯ ಸಹಾಯಕಿಯ ಮನೆ ಎಲ್ಲಿ? ಈ ವರುಷ ಮಡಕೆಯನ್ನು ಯಾರ ಮನೆಯಿಂದ ತರುವಿರಿ?