ನಂಜನಗೂಡಿನ ಸೇತುವೆಯೂ ಮೇಜಿನ ಮೇಲಣ ರೈಲೂ

1891ನೆಯ ಇಸವಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿಗಳು ಜರುಗಿದುವು. ಮೈಸೂರಿನಿಂದ ನಂಜನಗೂಡಿಗೆ ಸುಮಾರು 25 ಕಿಲೋಮೀಟರ್ ಉದ್ದದ ಮೀಟರ್ ಗೇಜ್ ರೈಲುದಾರಿ ಸಂಚಾರಕ್ಕೆ ತೆರೆಯಿತು. ಅದೇ ವರ್ಷ ಜರ್ಮನಿಯ ಲೈಪ್‌ಜಿಗ್ ನಗರದ ಮಾರಾಟ ಮೇಳದಲ್ಲಿ ಮೆರ್ಕ್ಲಿನ್ ಎಂಬ ಆಟಿಕೆ ತಯಾರಕರು, ಕೀಲಿ ಕೊಟ್ಟರೆ ಓಡುವ ಕಿರುರೈಲನ್ನೂ ಅದಕ್ಕೆ ಗೊತ್ತಾದ ಅಳತೆಯ ಹಳಿಗಳನ್ನೂ ಪ್ರದರ್ಶಿಸಿದರು. ಹಳಿಗೆ ನಿಯತವಾದ ಅಳತೆ ದೊರೆತುದೇ ಇಲ್ಲಿನ ವಿಶೇಷ. ಇಂದು ಕೊಂಡ ಹಳಿಗೆ ನಾಳೆ ಕೊಂಡ ಹಳಿಯನ್ನು ಜೋಡಿಸಿ ದಾರಿಯನ್ನು ಬೆಳೆಸುತ್ತ ಹೋಗಲು ಸಾಧ್ಯವಾಯಿತು. ಮಾದರಿ ರೈಲುದಾರಿಯ ಹವ್ಯಾಸವು ಬೆಳೆದುದು ಈ ತಳಹದಿಯ ಮೇಲೆ.

ಈ ಹವ್ಯಾಸಿಗಳು ಶನಿವಾರ, ಭಾನುವಾರಗಳ ಬಿಡುವಿನಲ್ಲಿ ಹಲಗೆಯ ಮೇಲೆ ಹಳಿ ಹಾಸಿ, ನಿಲ್ದಾಣ, ಸೇತುವೆ, ಊರು, ಹೊಲಗಳನ್ನು ನಿರ್ಮಿಸಿ, ತಾವು ಮಾಡಿದುದನ್ನು ಪರಸ್ಪರ ತೋರಿಸಿ ಚರ್ಚಿಸುತ್ತಾರೆ. ನಮ್ಮ ದೇಶದಲ್ಲಿಯೂ ಇದಕ್ಕೆ ಉದಾಹರಣೆಗಳುಂಟು. ಪುಣೆಯಲ್ಲಿ 1998ರಲ್ಲಿ ಆರಂಭವಾದ ಜೋಶಿಯವರ ಕಿರುರೈಲ್ವೆ ಸಂಗ್ರಹಾಲಯವು ಇಂಥ ಹವ್ಯಾಸವೊಂದರ ಫಲ. ಆಟಿಕೆಗೂ ಮಾದರಿಗೂ ಒಂದು ವ್ಯತ್ಯಾಸವಿದೆ. ಆಟಿಕೆಯು ಮಗುವನ್ನು ಸಂತೋಷಪಡಿಸಿದರೆ ಸಾಕು. ಮಾದರಿಯಾದರೋ ಮೂಲವಸ್ತುವಿನ ವಿಷಯವಾಗಿ ನಿಜವನ್ನು ಹೇಳಬೇಕು. ಹಾಗಾದರೆ ಮಾದರಿಯು ಯಾವ ಯಾವ ಪ್ರಶ್ನೆಗೆ ನಿಜವಾದ ಉತ್ತರ ಕೊಡುತ್ತದೆ? ಯಾವ ಪ್ರಶ್ನೆಗೆ ಕೊಡಲಾರದು? ನಂಜನಗೂಡಿನ ರೈಲುದಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಇದನ್ನು ವಿಚಾರಿಸೋಣ.

ಪ್ರಮಾಣ ಮತ್ತು ಗೇಜು

ನಂಜನಗೂಡಿನ ಬಳಿ ಕಪಿಲಾ ನದಿಗೆ ಅಡ್ಡಲಾಗಿ ಹಳೆಯ ಸೇತುವೆಯೊಂದಿದೆ. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರ ಸುಮಾರಿಗೆ, ಕಲ್ಲು, ಇಟ್ಟಿಗೆ, ಗಾರೆಗಳಿಂದ ಇದನ್ನು ಕಟ್ಟಿದರು. ಉದ್ದ ಸುಮಾರು 225 ಮೀಟರ್. ರಸ್ತೆಗಾಗಿ ಕಟ್ಟಿದ ಈ ಸೇತುವೆಯ ಮೇಲೆಯೇ ಮುಂದೆ ರೈಲುಹಳಿಯೂ ಬಂದಿತು. 1926ರಲ್ಲಿ ದಾರಿಯು ಚಾಮರಾಜನಗರದವರೆಗೆ ಮುಂದುವರಿಯಿತು. ಈ ಶತಮಾನದ ಮೊದಲ ದಶಕದಲ್ಲಿ ದಾರಿಯನ್ನು ಬ್ರಾಡ್ ಗೇಜಿಗೆ ಪರಿವರ್ತಿಸಿ, ರೈಲಿಗೆ ಬೇರೆ ಸೇತುವೆಯನ್ನು ನಿರ್ಮಿಸಲಾಯಿತು. ಆದುದರಿಂದ ಹಳೆಯ ಸೇತುವೆಯ ಮೇಲೆ ಮೀಟರ್ ಗೇಜ್ ಗಾಡಿ ಸಾಗುವ ದೃಶ್ಯವು ಈಗ ಛಾಯಾಚಿತ್ರಗಳಲ್ಲಿ ಮಾತ್ರ ಉಳಿದಿದೆ. ಇಲ್ಲವೆ ಯಾರಾದರೂ ಮಾದರಿಯಲ್ಲಿ ಅದನ್ನು ಮರಳಿ ಕಟ್ಟಬೇಕು.

ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಎಚ್.ಓ.’ ಎಂಬ ಪ್ರಮಾಣ. ಇದರಲ್ಲಿ ಮೂಲದ 87 ಮಿಲಿಮೀಟರಿಗೆ ಮಾದರಿಯ 1 ಮಿಲಿಮೀಟರ್ ಸಮ. ಈ ಪ್ರಮಾಣದ ಸಾಮಾನ್ಯ ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್. ಇದು ಯೂರೋಪು ಮತ್ತು ಅಮೆರಿಕಗಳ 1435 ಮಿಲಿಮೀಟರ್ ಗೇಜಿಗೆ ಸರಿಯಾಗಿ ಹೊಂದುತ್ತದೆ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ. ಅಂಗಡಿಯ ಹಳಿಯನ್ನು ಹಾಗೆಯೇ ಬಳಸಿದರೆ ನಮ್ಮ ದಾರಿ ನೂರಕ್ಕೆ 14ಕ್ಕಿಂತಲೂ ಹೆಚ್ಚು ಕಿರಿದಾಗುವುದು. ಮೀಟರ್ ಗೇಜಾದರೋ 1000 ಮಿಲಿಮೀಟರ್. 87ರಿಂದ ಭಾಗಿಸಿದರೆ 11.5. ಇದಕ್ಕೆ ಸಮೀಪವಾದ 12 ಮಿಲಿಮೀಟರ್ ಹಳಿಯನ್ನು ಯೂರೋಪಿನ ಮೀಟರ್ ಗೇಜ್ ದಾರಿಗಳ ಮಾದರಿಗಾಗಿ ತಯಾರಿಸುತ್ತಾರೆ. ಇಲ್ಲಿ ವ್ಯತ್ಯಾಸ ನೂರಕ್ಕೆ 4ರಷ್ಟು ಮಾತ್ರ. ಹೀಗೆ, ಇಂದಿನ ನಂಜನಗೂಡಿನ ದಾರಿಗಿಂತ ಮರೆಯಾದ ಹಳೆಯ ದಾರಿಯನ್ನೇ ಹೆಚ್ಚು ನಿಜವಾಗಿ ತೋರಿಸಬಹುದು!

ಉದ್ದದ ಲೆಕ್ಕವೇನು? 225 ಮೀಟರ್ ಸೇತುವೆಯು 2.6 ಮೀಟರ್ ಆಗುವುದು. ಒಂದು ಕೊಠಡಿಯ ಗೋಡೆಯ ಉದ್ದಕ್ಕೂ ಹಿಡಿಸೀತು. ಸುಮಾರು 120 ಅಡಿ ಎತ್ತರದ ಶ್ರೀಕಂಠೇಶ್ವರ ದೇವಾಲಯದ ಗೋಪುರವು 42 ಸೆಂಟಿಮೀಟರ್ ಆಗುವುದು. ಆದರೆ ಮೈಸೂರಿನಿಂದ ನಂಜನಗೂಡಿಗೆ 25 ಕಿಲೋಮೀಟರ್ ದಾರಿ 287 ಮೀಟರ್ ಆಗಿಬಿಡುತ್ತದೆ! ಯಾವ ಮನೆಯಲ್ಲಿಯೂ ಇಷ್ಟು ಸ್ಥಳವಿರದು. ಆದುದರಿಂದ ಹವ್ಯಾಸಿಗಳು ಮುಖ್ಯವಾದ ಸ್ಥಳಗಳನ್ನು ಅಳತೆಗೆ ಸರಿಯಾಗಿ ಮಾಡಿ, ನಡುವಣ ಬಯಲನ್ನು ಮೊಟಕುಗೊಳಿಸುತ್ತಾರೆ. ಇದು ತಪ್ಪಲ್ಲ, ಆದರೆ ಎಲ್ಲಿ ಮೊಟಕಿಸಿದೆವೆಂಬುದನ್ನು ಬರೆದಿಡಬೇಕು.

ತೂಕವೂ ಬಲವೂ

ಉದ್ದವನ್ನು 87ರಿಂದ ಭಾಗಿಸಿದಾಗ ಉಳಿದ ಪರಿಮಾಣಗಳೆಲ್ಲವೂ 87ರಷ್ಟೇ ಕುಗ್ಗುವುವೆಂದು ತಿಳಿಯಬಾರದು. ವಿಸ್ತೀರ್ಣವು 87ರ ವರ್ಗದಷ್ಟು, ಎಂದರೆ 7,569 ಪಟ್ಟು, ಕುಗ್ಗುತ್ತದೆ. ಗಾತ್ರವು 87ರ ಘನದಷ್ಟು, ಎಂದರೆ 6,58,503 ಪಟ್ಟು, ಕುಗ್ಗುತ್ತದೆ. ವಸ್ತು ಅದೇ ಆಗಿದ್ದರೆ ತೂಕವೂ ಅಷ್ಟೇ ಕುಗ್ಗಬೇಕು. 30 ಟನ್ ತೂಕದ ಒಂದು ಗಾಡಿಯನ್ನು ಕಲ್ಪಿಸಿಕೊಳ್ಳಿ. ಅದರ ಮಾದರಿ ಕೇವಲ 46 ಗ್ರಾಂ ತೂಗಬೇಕಾಗುತ್ತದೆ. ಇಷ್ಟು ಹಗುರವಾದ ಗಾಡಿಗಳು ಹಳಿ ತಪ್ಪುವುದು ಸುಲಭವಾದುದರಿಂದ, ಅನೇಕ ಹವ್ಯಾಸಿಗಳು ಒಳಗೆ ಸೀಸದ ಚೂರುಗಳನ್ನಿಟ್ಟು ತೂಕವನ್ನು ಹೆಚ್ಚಿಸುತ್ತಾರೆ.

ಹಳಿ ತಪ್ಪುವುದಕ್ಕೆ ಮತ್ತೊಂದು ಕಾರಣವೂ ಉಂಟು. ನಾವು ಹಳಿಯನ್ನು ಕುಗ್ಗಿಸಬಹುದು. ನಮ್ಮ ಕೈಯ ಲೋಪವನ್ನು ಕುಗ್ಗಿಸಲಾಗದು. ಎರಡು ಹಳಿಗಳು ಕೂಡುವಲ್ಲಿ ಅರ್ಧ ಮಿಲಿಮೀಟರ್ ಏರುಪೇರಾದರೆ ಕಣ್ಣಿಗೆ ಅಲ್ಪವೆನಿಸುತ್ತದೆ. ನಿಜವಾದ ದಾರಿಯಲ್ಲಿ ಅದಕ್ಕೆ ಸಮನಾದುದು 43.5 ಮಿಲಿಮೀಟರ್. ಅಂಥ ಹಳಿಯ ಮೇಲೆ ಯಾವ ಚಾಲಕನೂ ಗಾಡಿಯನ್ನು ನಡೆಸಲೊಪ್ಪನು.

ಈಗ ಬಲದ ವಿಷಯ. ಒಂದು ಕಂಬವು ತನ್ನ ತೂಕವನ್ನು ತಾನೇ ಹೊತ್ತಿರುವಾಗ, ಅದರ ಅಡ್ಡಕೊಯ್ತದ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರಕ್ಕೆ ಪೀಡನವೆಂದು ಹೆಸರು. ಮಾದರಿಯಲ್ಲಿ ತೂಕವು 6,58,503 ಪಟ್ಟು ಕುಗ್ಗಿದರೆ, ಅದನ್ನು ಹೊರುವ ವಿಸ್ತೀರ್ಣ 7,569 ಪಟ್ಟು ಮಾತ್ರ ಕುಗ್ಗುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ, ಪೀಡನವು 87 ಪಟ್ಟು ಕಡಿಮೆಯಾಯಿತೆಂದು ಗೊತ್ತಾಗುವುದು. ರಟ್ಟಿನ ಸೇತುವೆಯೂ ಮೇಜಿನ ಮೇಲೆ ಗಟ್ಟಿಯಾಗಿ ನಿಲ್ಲುವ ಗುಟ್ಟು ಇದೇ. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ತತ್ತ್ವವನ್ನು ವಿವರಿಸಿ, ದೊಡ್ಡ ಪ್ರಾಣಿಯ ಮೂಳೆಗಳು ಸಣ್ಣ ಪ್ರಾಣಿಯ ಮೂಳೆಗಳಿಗಿಂತ ತಮ್ಮ ಉದ್ದಕ್ಕೆ ಹೋಲಿಸಿದಂತೆಯೂ ದಪ್ಪವಾಗಿರಬೇಕೆಂದು ತೋರಿಸಿದನು. ‘ಮಾದರಿ ನಿಂತಿತು, ಆದುದರಿಂದ ಸೇತುವೆಯೂ ನಿಲ್ಲುತ್ತದೆ’ ಎಂದು ತರ್ಕಿಸುವ ಎಂಜಿನಿಯರನು ಜನರ ಪ್ರಾಣಕ್ಕೇ ಸಂಚಕಾರ ತಂದಾನು.

ಕಲ್ಲುಕಮಾನಿನ ವಿಶೇಷ

ಆದರೆ ಈ ಮಾತಿಗೆ ಗಮನಾರ್ಹವಾದ ಒಂದು ಅಪವಾದವಿದೆ. ಕಲ್ಲು, ಇಟ್ಟಿಗೆಗಳ ಕಮಾನಿನಲ್ಲಿ ಪೀಡನವು ಸಾಮಾನ್ಯವಾಗಿ ಬಹಳ ಕಡಿಮೆ. ಕಲ್ಲು ತಡೆಯಬಲ್ಲ ಮಿತಿಯ ಸಣ್ಣ ಅಂಶ ಮಾತ್ರ. ಕಮಾನು ಬೀಳುವುದು ಕಲ್ಲು ಪುಡಿಯಾಗಿ ಅಲ್ಲ. ಕಲ್ಲುಗಳು ಸಂದಿನಲ್ಲಿ ತೆರೆದುಕೊಂಡು ಹೊರಳುವುದರಿಂದ. ಒಂದು ಕಲ್ಲು ಮತ್ತೊಂದನ್ನು ಒತ್ತುತ್ತ ಹೋಗುವ ಬಲದ ರೇಖೆಯು ಕಮಾನಿನ ದಪ್ಪದೊಳಗೇ ಉಳಿದರೆ ಕಮಾನು ನಿಲ್ಲುತ್ತದೆ. ಹೊರಗೆ ಹೋದರೆ ಬೀಳುತ್ತದೆ. ಇದು ಆಕಾರದ ಪ್ರಶ್ನೆಯೇ ಹೊರತು ಗಾತ್ರದ ಪ್ರಶ್ನೆಯಲ್ಲ. ಕೇಂಬ್ರಿಜ್ಜಿನ ಜ್ಯಾಕ್ ಹೇಮನ್ 1966ರಲ್ಲಿ ಈ ವಿಚಾರವನ್ನು ಕ್ರಮಬದ್ಧವಾಗಿ ನಿರೂಪಿಸಿದರು. ಆದುದರಿಂದ ಗಾರೆಕಲ್ಲಿನ ಸೇತುವೆಯ ವಿಷಯದಲ್ಲಿ ಚಿಕ್ಕ ಮಾದರಿಯೂ ನಿಜ ನುಡಿಯಬಲ್ಲುದು.

ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಬಡಗಿಯಿಂದ ಒಂದೇ ಅಳತೆಯ ಹನ್ನೊಂದು ಬೆಣೆಯಾಕಾರದ ಮರದ ತುಂಡುಗಳನ್ನು ಮಾಡಿಸಿರಿ. ರಟ್ಟಿನ ಅರ್ಧವೃತ್ತದ ಆಸರೆಯ ಮೇಲೆ ಅವುಗಳನ್ನು ಜೋಡಿಸಿ, ಎರಡು ಬದಿಗೂ ಭಾರವಾದ ಇಟ್ಟಿಗೆಗಳನ್ನು ಒತ್ತಾಗಿಟ್ಟು, ಆಸರೆಯನ್ನು ಮೆಲ್ಲನೆ ತೆಗೆಯಿರಿ. ತುಂಡುಗಳು ಸಾಕಷ್ಟು ದಪ್ಪವಾಗಿದ್ದರೆ ಕಮಾನು ಅಂಟಿಲ್ಲದೆ ನಿಲ್ಲುವುದು. ಬಳಿಕ ನೆತ್ತಿಯ ಬದಲು ಒಂದು ಪಕ್ಕದಲ್ಲಿ ತೂಕವನ್ನಿಟ್ಟು, ಎಷ್ಟಕ್ಕೆ ಸಂದು ತೆರೆಯುವುದೆಂದು ಗುರುತಿಸಿರಿ. ಇಲ್ಲಿ ಅಂಟನ್ನು ಮಾತ್ರ ಬಳಸಬಾರದು. ಅಂಟು ಹಾಕಿದೊಡನೆ ಕಮಾನು ಒಂದೇ ತುಂಡಿನ ತೊಲೆಯಂತೆ ವರ್ತಿಸತೊಡಗಿ, ನಾವು ಕೇಳಿದ ಪ್ರಶ್ನೆಗೆ ಉತ್ತರವೇ ಸಿಗದೆ ಹೋಗುವುದು. ಪ್ರವಾಹ ಬಂದಾಗ ನೀರು ಕಂಬಗಳ ಬುಡದ ಮಣ್ಣನ್ನು ಕೊರೆಯುವ ಅಪಾಯವನ್ನೂ ಈ ಮಾದರಿ ತೋರಿಸದು. ಅದು ಬೇರೆಯೇ ಪರೀಕ್ಷೆ.

ವೇಗವೂ ಕಾಲವೂ

ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 16.7 ಮೀಟರ್. ಇದನ್ನು 87ರಿಂದ ಭಾಗಿಸಿದರೆ ಮಾದರಿಯ ವೇಗ ಸೆಕೆಂಡಿಗೆ 19 ಸೆಂಟಿಮೀಟರ್. ಈ ವೇಗದಲ್ಲಿ ಓಡುವ ಕಿರುರೈಲು ಕಣ್ಣಿಗೆ ಸಹಜವಾಗಿ ಕಾಣುತ್ತದೆ. ಆದರೆ ಗುರುತ್ವವನ್ನು 87ರಿಂದ ಭಾಗಿಸುವ ಉಪಾಯ ನಮ್ಮಲ್ಲಿಲ್ಲ. 3 ಮೀಟರ್ ಎತ್ತರದಿಂದ ಕಲ್ಲು ನೆಲಕ್ಕೆ ಬೀಳಲು 0.78 ಸೆಕೆಂಡು ಬೇಕು. ಮಾದರಿಯಲ್ಲಿ ಆ ಎತ್ತರ 3.4 ಸೆಂಟಿಮೀಟರ್, ಬೀಳಲು 0.084 ಸೆಕೆಂಡು ಸಾಕು. ಕಾಲವು ಕುಗ್ಗಿದುದು 87 ಪಟ್ಟಲ್ಲ. 87ರ ವರ್ಗಮೂಲದಷ್ಟು, ಎಂದರೆ ಸುಮಾರು 9.3 ಪಟ್ಟು.

ಇದರ ಪರಿಣಾಮವು ತಿರುವಿನಲ್ಲಿ ಪ್ರಕಟವಾಗುತ್ತದೆ. ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ಹೊರಳಿಸುವ ಪ್ರವೃತ್ತಿಯನ್ನು, ವೇಗದ ವರ್ಗವನ್ನು ತ್ರಿಜ್ಯ ಮತ್ತು ಗುರುತ್ವವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿ ಅಳೆಯಬಹುದು. ಹವ್ಯಾಸಿಗಳು ಸ್ಥಳಾಭಾವದಿಂದ 45 ಸೆಂಟಿಮೀಟರ್ ತ್ರಿಜ್ಯದ ತಿರುವನ್ನು ಹಾಕುವುದುಂಟು. ಅದಕ್ಕೆ ಸಮನಾದ ನಿಜವಾದ ತ್ರಿಜ್ಯ 39 ಮೀಟರ್. ಭಾರತೀಯ ಮೀಟರ್ ಗೇಜಿನಲ್ಲಿ ಅತ್ಯಂತ ಬಿಗಿಯಾದ ತಿರುವಿಗೂ ಸುಮಾರು 109 ಮೀಟರ್ ತ್ರಿಜ್ಯವಿರಬೇಕು. 39 ಮೀಟರ್ ತಿರುವಿನಲ್ಲಿ ನಿಜವಾದ ಗಾಡಿ 60 ಕಿಲೋಮೀಟರ್ ವೇಗದಲ್ಲಿ ಹೋದರೆ ಮೇಲ್ಕಂಡ ನಿಷ್ಪತ್ತಿ 0.72 ಆಗುತ್ತದೆ. ಸಮತಟ್ಟಾದ ಮೀಟರ್ ಗೇಜ್ ಹಳಿಯ ಮೇಲೆ ಗಾಡಿ ಹೊರಳದೆ ಇರದು. ಮಾದರಿಯಲ್ಲಿ ಅದೇ ನಿಷ್ಪತ್ತಿ 0.0083, ಅಂದರೆ 87ರಲ್ಲಿ ಒಂದು ಪಾಲು! ಕಿರುರೈಲು ನಿಶ್ಚಿಂತೆಯಿಂದ ತಿರುಗಿ ಹೋಗುತ್ತದೆ. ಅದು ಸುರಕ್ಷಿತವಾಗಿ ಹೋಯಿತೆಂಬುದರಿಂದ ನಿಜವಾದ ದಾರಿಯ ಸುರಕ್ಷತೆಯ ಬಗ್ಗೆ ಏನೂ ಸಿದ್ಧವಾಗದು.

ಹಾಗಾದರೆ ಮಾದರಿಯಿಂದ ಇಂಥ ವಿಷಯಗಳನ್ನು ತಿಳಿಯಲಾಗದೆ? ತಿಳಿಯಬಹುದು. ವೇಗವನ್ನು 87ರಿಂದಲ್ಲ, ಅದರ ವರ್ಗಮೂಲದಿಂದ ಭಾಗಿಸಬೇಕು. ಆಗ 60 ಕಿಲೋಮೀಟರ್ ವೇಗಕ್ಕೆ ಮಾದರಿಯ ವೇಗ ಸೆಕೆಂಡಿಗೆ 1.79 ಮೀಟರ್. ನೋಡಲು ಅಸಹಜ, ಆದರೆ ಭೌತಶಾಸ್ತ್ರದ ದೃಷ್ಟಿಯಿಂದ ಇದೇ ನಿಜವಾದ ಹೋಲಿಕೆ. ಈ ನಿಯಮಕ್ಕೆ ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಎಂಜಿನಿಯರನ ಹೆಸರಿದೆ. ಆತನು ಮೊದಲು ಬ್ರೂನೆಲನ ಕೈಕೆಳಗೆ ರೈಲುದಾರಿಯ ಕೆಲಸದಲ್ಲಿದ್ದು, ನೇರ ಹಳಿಯಿಂದ ತಿರುವಿಗೆ ಕ್ರಮವಾಗಿ ಸಾಗುವ ವಕ್ರರೇಖೆಯನ್ನು ರೂಪಿಸಿದನು. ಅನಂತರ ಹಡಗುಗಳ ಮಾದರಿಗಳನ್ನು ನೀರಿನಲ್ಲಿ ಎಳೆದು ಪರೀಕ್ಷಿಸುವುದಕ್ಕಾಗಿ ಟಾರ್ಕಿ ಎಂಬ ಊರಿನಲ್ಲಿ 1872ರ ಹೊತ್ತಿಗೆ ದೊಡ್ಡ ತೊಟ್ಟಿಯನ್ನು ಸಿದ್ಧಪಡಿಸಿದನು. ನಮ್ಮ ಕೃಷ್ಣರಾಜಸಾಗರದಲ್ಲಿರುವ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿಯೂ ಅಣೆಕಟ್ಟುಗಳ ಮಾದರಿಗಳಲ್ಲಿ ನೀರು ಹರಿಸಿ ಪರೀಕ್ಷಿಸುತ್ತಾರೆ. ತೆರೆದ ನೀರಿನ ಹರಿವಿನ ಇಂಥ ಪರೀಕ್ಷೆಗಳಿಗೆ ಫ್ರೌಡನ ನಿಯಮವೇ ಆಧಾರ.

ಎರಡು ಊರುಗಳ ಒಂದು ದಾರಿ

ನಂಜನಗೂಡನ್ನು ದಾಟಿದ ಕಪಿಲೆಯು ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ನರಸೀಪುರಕ್ಕೆ ರೈಲುದಾರಿಯಿಲ್ಲ. ಮಾದರಿಯಲ್ಲಿ ಆ ಕೊರತೆಯೇಕೆ? ನಂಜನಗೂಡಿನ ವಿದ್ಯಾರ್ಥಿಗಳು ಸೇತುವೆಯನ್ನೂ ನಿಲ್ದಾಣವನ್ನೂ, ನರಸೀಪುರದ ವಿದ್ಯಾರ್ಥಿಗಳು ಸಂಗಮವನ್ನೂ ಗುಂಜಾ ನರಸಿಂಹಸ್ವಾಮಿ ದೇವಾಲಯವನ್ನೂ ಕಲ್ಪನೆಯ ಒಂದು ನಿಲ್ದಾಣವನ್ನೂ ಬೇರೆ ಬೇರೆ ಹಲಗೆಗಳ ಮೇಲೆ ನಿರ್ಮಿಸಿ, ರಜೆಯಲ್ಲಿ ಒಟ್ಟಿಗೆ ತಂದು ಜೋಡಿಸಬಹುದು. ಇದಕ್ಕೆ ಮೊದಲೇ ಒಪ್ಪಂದವಾಗಬೇಕಾದುದು ಮೂರು ಸಂಗತಿ: ನೆಲದಿಂದ ಹಳಿಯ ಎತ್ತರ, ಹಲಗೆಯ ಮುಂದಿನ ಅಂಚಿನಿಂದ ಹಳಿಗಿರುವ ದೂರ, ವಿದ್ಯುತ್ತಿನ ಧನ ಋಣ ತಂತಿಗಳ ಬಣ್ಣ. ಏರಿನ ಲೆಕ್ಕವು ಸುಲಭ. ಐವತ್ತಕ್ಕೆ ಒಂದು ಏರು ಮಾದರಿಯಲ್ಲಿಯೂ ಐವತ್ತಕ್ಕೆ ಒಂದೇ. 2 ಮೀಟರ್ ಹಲಗೆಯಲ್ಲಿ ಹಳಿ 4 ಸೆಂಟಿಮೀಟರ್ ಏರುವುದು.

ಅಳತೆಗಳನ್ನು ಸ್ವತಃ ಸಂಗ್ರಹಿಸುವುದು ಉತ್ತಮ. ಹಳೆಯ ಸೇತುವೆಯ ಕಂಬಗಳ ಅಂತರವನ್ನು ಹಿರಿಯರ ಜೊತೆಗೂಡಿ ದಡದಿಂದಲೇ ಛಾಯಾಚಿತ್ರ ತೆಗೆದು ಲೆಕ್ಕ ಹಾಕಬಹುದು. ಸಂಚಾರವಿರುವ ರೈಲುಹಳಿಯ ಮೇಲೆ ಕಾಲಿಡುವುದು ಅಪಾಯಕರ, ಕಾನೂನಿಗೂ ವಿರುದ್ಧ. ಹಳೆಯ ಎಂಜಿನ್ನುಗಳನ್ನೂ ಗಾಡಿಗಳನ್ನೂ ಹತ್ತಿರದಿಂದ ನೋಡಬೇಕಾದವರು 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಪ್ರತಿ ವಾರ ಮಾಡಿದ ಕೆಲಸ, ಬಳಸಿದ ಅಳತೆ, ಮೊಟಕಿಸಿದ ಸ್ಥಳ, ಹಳಿ ತಪ್ಪಿದ ಸಂದರ್ಭ ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು ಎರಡು ತಂಡಗಳೂ ವಿನಿಮಯ ಮಾಡಿಕೊಳ್ಳಲಿ. ನಾಳೆ ಆ ಮಾದರಿಯನ್ನು ನೋಡುವವರಿಗೆ ಅದರಲ್ಲಿ ಯಾವುದನ್ನು ನಂಬಬಹುದು, ಯಾವುದನ್ನು ನಂಬಲಾಗದು ಎಂಬುದನ್ನು ಆ ಪುಸ್ತಕವೇ ತಿಳಿಸುವುದು.

ಅಭ್ಯಾಸ

1. ‘ಎನ್’ ಎಂಬ ಪ್ರಮಾಣದಲ್ಲಿ 160ಕ್ಕೆ 1ರಂತೆ ಕುಗ್ಗಿಸುತ್ತಾರೆ. ಈ ಪ್ರಮಾಣದಲ್ಲಿ ನಂಜನಗೂಡಿನ ಹಳೆಯ ಸೇತುವೆಯ ಉದ್ದವೆಷ್ಟು? ಮೀಟರ್ ಗೇಜಿಗೆ ಎಷ್ಟು ಅಗಲದ ಹಳಿ ಬೇಕು?

2. ಅದೇ ಪ್ರಮಾಣದಲ್ಲಿ 30 ಟನ್ ಗಾಡಿಯ ಮಾದರಿಯ ತೂಕ ಎಷ್ಟಿರಬೇಕು?

3. ಮಾದರಿ ಸೇತುವೆಯಿಂದ ಬೀಳುವ ಕಲ್ಲನ್ನು ಚಲನಚಿತ್ರದಲ್ಲಿ ನಿಜವೆನ್ನುವಂತೆ ತೋರಿಸಬೇಕಾಗಿದೆ. ‘ಎಚ್.ಓ.’ ಪ್ರಮಾಣದಲ್ಲಿ ಚಿತ್ರದ ಓಟವನ್ನು ಎಷ್ಟು ಪಟ್ಟು ನಿಧಾನಗೊಳಿಸಬೇಕು? ಏಕೆ?