ದೋಣಿಗೆ ಹೊಸ ಬಣ್ಣ

ಗಂಗೊಳ್ಳಿಯ ಕಡಲ ತೀರ. ಮೇ ತಿಂಗಳು. ಒಂದು ಫೈಬರ್ ದೋಣಿಯನ್ನು ಮರಳಿನ ಮೇಲೆ ಎಳೆದು ಇಟ್ಟಿದ್ದಾರೆ. ಅದರ ಬಣ್ಣ ಬಿಸಿಲಿಗೆ ಮಾಸಿದೆ. ಕೈಯಿಂದ ಉಜ್ಜಿದರೆ ಪುಡಿ ಬರುತ್ತದೆ.

"ಅಮ್ಮಾ, ನಾಳೆಯೇ ಬಣ್ಣ ಹೊಡೆದು ಬಿಡುವ" ಅಂದ ಮಗ.

"ಹೋದ ಸಲವೂ ಹೀಗೇ ಅಂದೆ. ಆರು ತಿಂಗಳಿಗೆ ಸಿಪ್ಪೆ ಸಿಪ್ಪೆ ಎದ್ದು ಹೋಯ್ತಲ್ಲ? ಇದು ಸಂಘದ ಸಾಲದ ದುಡ್ಡು ಮಗಾ" ಅಂದಳು ತಾಯಿ.

ತಾಯಿ ಮೀನು ಮಾರುವವಳು. ಈಗ ಓದಲು ಕಲಿತಿದ್ದಾಳೆ.

ಬಣ್ಣ ಯಾಕೆ ಎದ್ದು ಹೋಯಿತು? ಫೈಬರ್ ಎಂದರೆ ಗಾಜಿನ ಸಣ್ಣ ಸಣ್ಣ ಎಳೆ. ಆ ಎಳೆಗಳ ಹಾಸಿಗೆ ರಾಳ ಹಚ್ಚಿ, ಪದರದ ಮೇಲೆ ಪದರ ಕೂರಿಸಿ ದೋಣಿ ಮಾಡುತ್ತಾರೆ. ಮರದ ದೋಣಿಯಂತೆ ಇದನ್ನು ಹುಳ ಕೊರೆಯುವುದಿಲ್ಲ. ಆದರೆ ಇದರ ಮೈ ಬಹಳ ನುಣುಪು. ಅದರ ಮೇಲೆ ಉಪ್ಪು, ಮೀನಿನ ಜಿಡ್ಡು, ಎಂಜಿನ್ ಎಣ್ಣೆ ಕೂತಿರುತ್ತದೆ. ಜಿಡ್ಡಿನ ಮೇಲೆ ಬಳಿದ ಬಣ್ಣ ಜಿಡ್ಡಿಗೆ ಅಂಟುತ್ತದೆ, ದೋಣಿಗೆ ಅಂಟುವುದಿಲ್ಲ.

ಆದ್ದರಿಂದ ಮೊದಲು ಸೋಪು ಹಾಕಿ ತೊಳೆಯಬೇಕು. ಆಮೇಲೆ ಸಿಹಿ ನೀರು ಸುರಿಯಬೇಕು. ಕಡಲ ನೀರಿನಲ್ಲಿ ತೊಳೆದರೆ ಉಪ್ಪು ಅಲ್ಲೇ ಉಳಿಯುತ್ತದೆ. ತೊಳೆದ ದೋಣಿ ಚೆನ್ನಾಗಿ ಒಣಗಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಬಣ್ಣ ಹೊಡೆದರಾಯ್ತು ಅಂತ ಕೆಲವರು ಕಾಯುತ್ತಾರೆ. ಆದರೆ ಅದು ಜಡಿಮಳೆಯ ಕಾಲ. ಒದ್ದೆ ಮೈಗೆ ಬಣ್ಣ ಹಿಡಿಯದು. ಮೇ ತಿಂಗಳೇ ಒಳ್ಳೆಯದು.

ತಾಯಿ ಒಂದು ನಾಣ್ಯ ತೆಗೆದುಕೊಂಡು ದೋಣಿಯ ಮೈಯನ್ನು ತಟ್ಟುತ್ತಾ ಬಂದಳು. ಟಣ್, ಟಣ್ ಅಂತ ಗಟ್ಟಿ ಸದ್ದು ಬಂತು. ಒಂದು ಕಡೆ ಮಾತ್ರ ಡಬ್ ಅಂತು. ಅಲ್ಲಿ ಒಳಗಿನ ಪದರ ಬಿಟ್ಟಿದೆ. ಅಂಥ ಜಾಗವನ್ನು ಮೊದಲು ರಿಪೇರಿ ಮಾಡಿಸಬೇಕು. ಮೇಲಿಂದ ಬಣ್ಣ ಬಳಿದರೆ ಚಂದ ಕಾಣುತ್ತದೆ, ಆದರೆ ಪದರ ಬಿಟ್ಟದ್ದು ಬಿಟ್ಟ ಹಾಗೇ ಇರುತ್ತದೆ.

ನುಣುಪಾದ ಮೈಯನ್ನು ಉಪ್ಪು ಕಾಗದದಿಂದ ಉಜ್ಜಬೇಕು. ಕಾಗದದ ಹಿಂದೆ ನಂಬರು ಇರುತ್ತದೆ. ಓದಿ ನೋಡಿ. 80 ಎಂದರೆ ಒರಟು. 220 ಎಂದರೆ ನಯ. ನಂಬರು ದೊಡ್ಡದಾದಷ್ಟೂ ಕಾಗದ ನಯ. ಮೊದಲು ಒರಟು, ಕೊನೆಗೆ ನಯ.

ಉಜ್ಜುವಾಗ ಏಳುವ ಧೂಳಿನಲ್ಲಿ ಗಾಜಿನ ಎಳೆಯ ಚೂರು ಇರುತ್ತದೆ. ಮೈ ತುರಿಸುತ್ತದೆ. ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಕೆಟ್ಟದು. ಮೂಗು ಬಾಯಿಗೆ ಮಾಸ್ಕ್ ಇರಲಿ. ಕಣ್ಣಿಗೆ ಕನ್ನಡಕ ಇರಲಿ. ಆ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ. ಅದನ್ನು ಬೇರೆಯೇ ಒಗೆಯಿರಿ.

ಈಗ ಬಹಳ ಮುಖ್ಯವಾದ ಮಾತು. ರಿಪೇರಿಯ ರಾಳ ಗಟ್ಟಿಯಾಗಲು ಎರಡು ದ್ರವ ಬೇಕು. ಒಂದು ನೇರಳೆ ಬಣ್ಣದ ಕೋಬಾಲ್ಟ್. ಇನ್ನೊಂದು ಕೆಟಲಿಸ್ಟ್. ಅದು ನೋಡಲು ನೀರಿನ ಹಾಗೇ ಇರುತ್ತದೆ. ಇವೆರಡನ್ನೂ ನೇರವಾಗಿ ಸೇರಿಸಬಾರದು. ಸೇರಿಸಿದರೆ ಬೆಂಕಿ ಹೊತ್ತಬಹುದು, ಸಿಡಿಯಬಹುದು. ಒಂದನ್ನು ರಾಳದಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಕೆಟಲಿಸ್ಟನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದು ಇಡುವವರಿದ್ದಾರೆ. ಬೇಡವೇ ಬೇಡ! ಒಲೆಯ ಹತ್ತಿರವೂ ಬೇಡ. ಕಣ್ಣಿಗೆ ಹಾರಿದರೆ ಕೂಡಲೇ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಹೋಗಿ.

ಅಂಗಡಿಯಿಂದ ಬಣ್ಣ ಬಂತು. ದೊಡ್ಡ ಡಬ್ಬಿ ಒಂದು, ಸಣ್ಣ ಡಬ್ಬಿ ಒಂದು.

"ಸಣ್ಣದು ಎಷ್ಟು ಹಾಕುವುದು ಅಮ್ಮಾ? ಅಂದಾಜಿಗೆ ಹಾಕಲಾ?"

"ಅಂದಾಜು ಎಂತಕ್ಕೆ? ಇಲ್ಲಿ ಬರೆದಿದೆಯಲ್ಲ, 4:1 ಅಂತ. ನಾಲ್ಕು ಲೋಟ ಅದು, ಒಂದು ಲೋಟ ಇದು."

ಎಲ್ಲಾ ಡಬ್ಬಿಗೂ ಲೆಕ್ಕ ಒಂದೇ ಅಲ್ಲ. ಡಬ್ಬಿಯ ಮೇಲೆ ಇದ್ದ ಹಾಗೆ ಮಾಡಬೇಕು. ಬೇಕಾದಷ್ಟೇ ಕಲಸಬೇಕು. ಕಲಸಿದ್ದು ಉಳಿದರೆ ಗಟ್ಟಿಯಾಗಿ ಹಾಳಾಗುತ್ತದೆ. ಮೊದಲು ಪ್ರೈಮರ್, ಅದು ಒಣಗಿದ ಮೇಲೆ ಎರಡು ಸಲ ಬಣ್ಣ.

ಕೊನೆಗೆ ಪೇಂಟರ್ ಬಂದು ದೋಣಿಯ ಎರಡೂ ಬದಿಗೆ ನೋಂದಣಿ ನಂಬರು ಬರೆದ. ತಾಯಿ ನೋಂದಣಿ ಪುಸ್ತಕ ತಂದು ಒಂದೊಂದೇ ಅಂಕಿ ಹಿಡಿದು ನೋಡಿದಳು. ಎಡಬದಿ ಸರಿ ಇತ್ತು. ಬಲಬದಿಯಲ್ಲಿ 6 ಇರಬೇಕಾದಲ್ಲಿ 9 ಇತ್ತು.

"ಒಂದು ಅಂಕಿ ತಾನೇ ಅಕ್ಕಾ" ಅಂದ ಪೇಂಟರ್.

"ಕರಾವಳಿ ಕಾವಲು ಪೊಲೀಸರು ನಡುಗಡಲಲ್ಲಿ ಕೇಳುವುದು ಆ ಅಂಕಿಯನ್ನೇ. ಗಾಳಿ ಮಳೆಗೆ ದೋಣಿ ಎಲ್ಲಾದರೂ ಹೋದರೆ ಅದು ನಮ್ಮದು ಅಂತ ಗುರುತಿಸುವುದೂ ಅದರಿಂದಲೇ. ಅದರಲ್ಲಿ ಹೋಗುವವನು ನನ್ನ ಮಗ. ಅಳಿಸಿ ಬರಿ ಮಾರಾಯಾ."

ಪೇಂಟರ್ ಅಳಿಸಿ 6 ಬರೆದ.

ಲೆಕ್ಕ ಮಾಡಿ: ಡಬ್ಬಿಯ ಮೇಲೆ 4:1 ಅಂತ ಇದೆ. ದೊಡ್ಡ ಡಬ್ಬಿಯಿಂದ 2 ಲೀಟರ್ ತೆಗೆದರೆ ಸಣ್ಣ ಡಬ್ಬಿಯಿಂದ ಎಷ್ಟು ತೆಗೆಯಬೇಕು?

ಬರೆಯಿರಿ: ನಿಮ್ಮ ಮನೆಯಲ್ಲಿರುವ ಯಾವುದಾದರೂ ಡಬ್ಬಿ ತನ್ನಿ. ಅದರ ಮೇಲೆ ಇರುವ ಎಚ್ಚರಿಕೆಯ ಮಾತನ್ನು ನೋಡಿ ಬರೆಯಿರಿ.