ಬಣ್ಣದ ಉಣ್ಣೆಗೆ ಬೆಲೆ ಕಟ್ಟುವ ಮುನ್ನ

ಉಣ್ಣೆಗೆ ಬಣ್ಣ ಹಾಕಿ ಮಾರುವ ಕೆಲಸದಲ್ಲಿ ದುಡ್ಡು ಮೊದಲು ಸೋರುವುದು ತೊಳೆಯುವ ಹಂಡೆಯಲ್ಲಿ. ಕುರಿಯ ಮೈಯಿಂದ ಕತ್ತರಿಸಿ ತಂದ ತುಪ್ಪಟದಲ್ಲಿ ಮಣ್ಣಿರುತ್ತದೆ, ಹಿಕ್ಕೆಯಿರುತ್ತದೆ, ಜಿಡ್ಡಿರುತ್ತದೆ, ಮುಳ್ಳು ಕಸ ಸಿಕ್ಕಿಕೊಂಡಿರುತ್ತದೆ, ನೂಲಲು ಬಾರದ ಮೋಟು ಕೂದಲಿರುತ್ತದೆ. ಹತ್ತು ಕಿಲೋ ತಂದು ತೊಳೆದು, ಒಣಗಿಸಿ, ಆರಿಸಿ, ಹಿಂಜಿದರೆ ಕೈಗೆ ಬರುವುದು ಐದಾರು ಕಿಲೋ. ಬೆಲೆ ಕಟ್ಟಲು ಕೂತಾಗ ಮಾತ್ರ ತಂದ ಹತ್ತು ಕಿಲೋವೇ ಮನಸ್ಸಿನಲ್ಲಿರುತ್ತದೆ. ಈ ಕಸುಬಿಗೆ ಇಳಿಯಬೇಕೆಂದು ನನ್ನನ್ನು ಕೇಳುವ ಹೆಂಗಸರಿಗೆಲ್ಲ ನಾನು ಮೊದಲು ತೋರಿಸುವುದು ಬಣ್ಣದ ಪಾತ್ರೆಯನ್ನಲ್ಲ, ಲೆಕ್ಕದ ಪುಸ್ತಕವನ್ನು.

ನಾನಿರುವುದು ಬೇಲೂರು ತಾಲ್ಲೂಕಿನ ಬಿಕ್ಕೋಡಿನಲ್ಲಿ. ಕಾಫಿ, ಮೆಣಸಿನ ಊರು. ಇಲ್ಲಿಯ ಮಳೆಗೂ ಕೆಸರಿಗೂ ಕುರಿ ಒಗ್ಗುವುದಿಲ್ಲ. ಆದರೆ ಕಂಬಳಿಯಿಲ್ಲದೆ ಮಲೆನಾಡಿನ ಮಳೆಗಾಲ ನಡೆದದ್ದೇ ಇಲ್ಲ. ಗದ್ದೆ ಕೆಲಸಕ್ಕೆ ತಲೆಯ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದವರಿಗೆ ಆ ಕಂಬಳಿ ಬರುತ್ತಿದ್ದುದು ಬಯಲುಸೀಮೆಯ ಕುರುಬರ ಮಗ್ಗಗಳಿಂದ. ಹೆಂಗಸರು ನೂತು, ಹಾಸು ನೂಲಿಗೆ ಹುಣಸೆ ಬೀಜದ ಸರಿ ಹಚ್ಚಿ ಗಟ್ಟಿ ಮಾಡಿ, ಗಂಡಸರು ನೇಯ್ದ ಕಂಬಳಿ ಅದು. ಅದಕ್ಕೆ ಬಣ್ಣ ಹಾಕುವ ಅಗತ್ಯವೇ ಇರಲಿಲ್ಲ. ಕುರಿಯ ಕಪ್ಪೇ ಕಂಬಳಿಯ ಕಪ್ಪು.

ಬಣ್ಣ ಹಿಡಿಯಬೇಕಾದರೆ ಬಿಳಿ ಉಣ್ಣೆ ಬೇಕು. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ‘ಹಾಸನ’ ಎಂಬ ಕುರಿ ತಳಿಯಿದೆ. ಮೈ ಬಿಳಿ, ಅಲ್ಲಲ್ಲಿ ಕಂದು ಅಥವಾ ಕಪ್ಪು ಮಚ್ಚೆ, ಕೂದಲು ಒರಟು. ಇಂಥ ಬಿಳಿ ತುಪ್ಪಟ ನಮಗೆ ಅರಸೀಕೆರೆ ಕಡೆಯ ಕುರಿಗಾಹಿಗಳಿಂದ ಬರುತ್ತದೆ. ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲವೆಂದು ಉಣ್ಣೆಯನ್ನು ಬೇಲಿಗೆಸೆಯುವ ಕುರಿಗಾಹಿಗಳು ಇಂದು ಕರ್ನಾಟಕದ ತುಂಬ ಇದ್ದಾರೆ. ಹಾಗೆಂದು ಪುಕ್ಕಟೆ ಕೇಳಬಾರದು. ಕುರಿಯನ್ನು ಕೆರೆಯಲ್ಲಿ ಮೀಯಿಸಿ ಕತ್ತರಿಸಿದ, ಬಿಳಿ ಬೇರೆ ಮಚ್ಚೆ ಬೇರೆ ಮಾಡಿದ ತುಪ್ಪಟಕ್ಕೆ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಕಿಲೋಗೆ ಕೊಟ್ಟ ಆ ಹೆಚ್ಚಿನ ಹಣ ನಮ್ಮ ತೊಳೆಯುವ, ಆರಿಸುವ ಕೂಲಿಯಲ್ಲಿ ಉಳಿಯುತ್ತದೆ, ಕುರಿಗಾಹಿಯ ಮನೆಗೂ ನಾಲ್ಕು ಕಾಸು ಸೇರುತ್ತದೆ.

ಒಂದು ಪೊಟ್ಟಣದ ನಿಜವಾದ ಬೆಲೆ

ಲೆಕ್ಕ ಸುಲಭವಾಗಲೆಂದು ದುಂಡು ಮೊತ್ತ ಹಿಡಿಯೋಣ. ಹತ್ತು ಕಿಲೋ ತುಪ್ಪಟಕ್ಕೆ 500 ರೂಪಾಯಿ, ಸಾಗಣೆಗೆ 400, ಸೋಪು, ಬಣ್ಣ, ಬಣ್ಣ ಹಿಡಿಸುವ ಹುಳಿಗೆ 1,000, ಸೌದೆ ಮತ್ತು ಗ್ಯಾಸಿಗೆ 500, ಪೊಟ್ಟಣ ಮತ್ತು ಚೀಟಿಗೆ 600. ಒಟ್ಟು 3,000 ರೂಪಾಯಿ. ಕೊನೆಗೆ ಐದು ಕಿಲೋ ಹಿಂಜಿದ ಬಣ್ಣದ ಉಣ್ಣೆ ಉಳಿಯಿತೆನ್ನಿ. ನೂರು ಗ್ರಾಮಿನ ಐವತ್ತು ಪೊಟ್ಟಣ. ಒಂದಕ್ಕೆ 60 ರೂಪಾಯಿ ಬಿತ್ತು. 120ಕ್ಕೆ ಮಾರಿದರೆ ದುಪ್ಪಟ್ಟು ಬಂತು ಎಂದು ಸಂತೋಷಪಡುವವರನ್ನು ನಾನು ಬಹಳ ಕಂಡಿದ್ದೇನೆ.

ಈಗ ಕೂಲಿ ಸೇರಿಸಿ. ತೊಳೆಯಲು, ಆರಿಸಲು, ಹಿಂಜಲು ಆರು ಆಳು. ಬಣ್ಣ ಹಾಕಲು, ಒಣಗಿಸಲು, ಫೋಟೊ ತೆಗೆಯಲು, ಗಿರಾಕಿಗಳಿಗೆ ಉತ್ತರಿಸಲು, ಪಾರ್ಸೆಲ್ ಕಟ್ಟಲು ಐದು ಆಳು. ಆಳಿಗೆ 500 ಎಂದರೂ 5,500 ರೂಪಾಯಿ. ಒಟ್ಟು ಖರ್ಚು 8,500. ಒಂದು ಪೊಟ್ಟಣಕ್ಕೆ 170. ಐವತ್ತರಲ್ಲಿ ಐದು ಪೊಟ್ಟಣ ಕೆಟ್ಟೋ ಮಾರಾಟವಾಗದೆಯೋ ಉಳಿದರೆ ಉಳಿದ ನಲವತ್ತೈದು ಆ ಭಾರ ಹೊರಬೇಕು; ಆಗ 189. ಜಾಲತಾಣದ ಅಂಗಡಿ ನೂರಕ್ಕೆ ಹದಿನೈದು ಹಿಡಿದುಕೊಂಡರೆ ಬರೀ ಅಸಲು ಹುಟ್ಟಲು 222 ರೂಪಾಯಿಗೆ ಮಾರಬೇಕು. ಮುಂದಿನ ಸಲದ ತುಪ್ಪಟ ಕೊಳ್ಳಲು ಪೊಟ್ಟಣಕ್ಕೆ 30 ರೂಪಾಯಿಯಾದರೂ ಮಿಗಬೇಕೆಂದರೆ ಬೆಲೆ 260ರ ಹತ್ತಿರ ಬರುತ್ತದೆ. ಅಂಚೆ ಖರ್ಚು ಬೇರೆ. 120ಕ್ಕೆ ಮಾರಿ ಲಾಭವೆಂದುಕೊಂಡವರು ತಮ್ಮ ಮೈಮುರಿದ ದುಡಿಮೆಯನ್ನು ಪೊಟ್ಟಣದೊಳಗಿಟ್ಟು ಕೊಳ್ಳುವವರಿಗೆ ಪುಕ್ಕಟೆ ಕೊಟ್ಟಿರುತ್ತಾರೆ.

ಮನೆಯ ಹೆಂಗಸರ ಕೆಲಸಕ್ಕೆ ಕೂಲಿ ಏಕೆ ಎಂದು ಕೇಳುವವರಿದ್ದಾರೆ. ಬಿಕ್ಕೋಡಿನಲ್ಲಿ ಉತ್ತರ ಸುಲಭ. ಕಾಫಿ ಹಣ್ಣು ಕೊಯ್ಲಿನ ಕಾಲದಲ್ಲಿ ಅದೇ ಹೆಂಗಸು ತೋಟಕ್ಕೆ ಹೋದರೆ ಸಂಜೆ ಕೂಲಿ ಕೈಯಲ್ಲಿರುತ್ತದೆ. ಉಣ್ಣೆ ಕೆಲಸ ಅಷ್ಟನ್ನಾದರೂ ಕೊಡದಿದ್ದರೆ ಆ ದಿನ ತೋಟಕ್ಕೆ ಹೋಗುವುದೇ ಲಾಭ. ಅದಕ್ಕೇ ನಾವು ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಹಂಡೆಗೆ ಕೈ ಹಾಕುವುದಿಲ್ಲ. ಕೊಯ್ಲು ಮುಗಿದು ಮುಂಗಾರು ಹಿಡಿಯುವ ತನಕ ಇರುವ ಬಿಸಿಲೇ ನಮ್ಮ ಬಣ್ಣದ ಕಾಲ. ಮಳೆಗಾಲ ಹಿಂಜಲು, ಪೊಟ್ಟಣ ಕಟ್ಟಲು, ಮಾರಲು.

ಬಣ್ಣ ಎಷ್ಟು, ಬಿಸಿ ಎಷ್ಟು

ಉಣ್ಣೆಗೆ ಬಣ್ಣ ಹಾಕುವುದು ಕಷ್ಟದ ವಿದ್ಯೆಯಲ್ಲ, ತಾಳ್ಮೆಯ ವಿದ್ಯೆ. ಉಣ್ಣೆಗೆಂದೇ ಬರುವ ಆಸಿಡ್ ಬಣ್ಣಗಳು ಹುಳಿ ನೀರಿನಲ್ಲಿ ಹಿಡಿಯುತ್ತವೆ. ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಸಾಕು. ಉಣ್ಣೆಯ ತೂಕದ ನೂರಕ್ಕೆ ಒಂದೆರಡು ಪಾಲು ಬಣ್ಣ ಹಾಕಿ, ನೀರನ್ನು ಕುದಿಯಗೊಡದೆ 80–85 ಡಿಗ್ರಿಯಲ್ಲಿ ಇಟ್ಟರೆ ನಿಧಾನಕ್ಕೆ ಬಣ್ಣವೆಲ್ಲ ಎಳೆಗೆ ಸೇರಿ ನೀರು ತಿಳಿಯಾಗುತ್ತದೆ. ನೀರು ತಿಳಿಯಾಯಿತೆಂದರೆ ಕೊಂಡ ಬಣ್ಣವೆಲ್ಲ ಉಣ್ಣೆಯಲ್ಲಿದೆ, ಚರಂಡಿಗೆ ಹೋಗಿಲ್ಲ ಎಂದರ್ಥ. ಬಿಸಿಯಿಂದ ತಣ್ಣೀರಿಗೆ ಒಮ್ಮೆಲೇ ಅದ್ದಿದರೆ, ತಿಕ್ಕಿ ಕಲಕಿದರೆ ಎಳೆಗಳು ಹೆಣೆದುಕೊಂಡು ದಪ್ಪ ಹಾಳೆಯಾಗುತ್ತವೆ. ಆಮೇಲೆ ಯಾವ ರಾಟೆಯಲ್ಲೂ ಅದನ್ನು ನೂಲಲಾಗದು.

ಮಲೆನಾಡಿನ ಬಣ್ಣಗಳಿಗೆ ಬೇರೆ ಬೆಲೆಯಿದೆ. ಅಡಿಕೆ ಬೇಯಿಸಿದ ಚೊಗರು ಕೆಂಪು ಕಂದು ಕೊಡುತ್ತದೆ. ಹಲಸಿನ ಮರದ ತಿರುಳಿನ ಚಕ್ಕೆ ಹಳದಿ. ಚೆಂಡು ಹೂ, ದಾಳಿಂಬೆ ಸಿಪ್ಪೆ, ನೀಲಗಿರಿ ಎಲೆ ಒಂದೊಂದೂ ಒಂದೊಂದು ಛಾಯೆ. ಉಣ್ಣೆಯ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಪಟಿಕದಲ್ಲಿ ಮೊದಲು ಬೇಯಿಸಿಕೊಂಡರೆ ಬಣ್ಣ ನಿಲ್ಲುತ್ತದೆ. ಅರಿಸಿನ ಎಷ್ಟು ಚೆಂದ ಕಂಡರೂ ಬಿಸಿಲಿಗೆ ಹಾರಿಹೋಗುತ್ತದೆ, ಅದನ್ನು ಮಾರಬಾರದು. ತಾಮ್ರ, ಕ್ರೋಮಿಯಂ ಉಪ್ಪುಗಳನ್ನು ನಾವು ಬಳಸುವುದಿಲ್ಲ. ನಮ್ಮ ಹಳ್ಳದ ನೀರು ಕೊನೆಗೆ ಹೇಮಾವತಿಗೇ ಸೇರಬೇಕು.

ಚೊಗರಿನ ಬಣ್ಣವನ್ನು ಮಾರುಕಟ್ಟೆಗೆ ತಂದವರಲ್ಲಿ ದೊಡ್ಡ ಹೆಸರು ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ‘ಚರಕ’ ಮಹಿಳಾ ಸಹಕಾರ ಸಂಘ. ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಈ ಸಂಘ ಹತ್ತಿ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕಿ ‘ದೇಸಿ’ ಅಂಗಡಿಗಳ ಮೂಲಕ ಮಾರಿತು. ಅಂಥ ಸಂಘವೂ 2020ರಲ್ಲಿ ಕೊರೊನಾ ಕಾಲದ ಮಾರಾಟವಾಗದ ದಾಸ್ತಾನಿನ ಕೆಳಗೆ ನಲುಗಿತು. ಅದರಿಂದ ನಾವೆಲ್ಲ ಕಲಿಯಬೇಕಾದ ಪಾಠವಿದೆ: ಕಪಾಟಿನಲ್ಲಿ ಕೂತ ಸರಕು ಆಸ್ತಿಯಲ್ಲ, ಕಟ್ಟಿಹಾಕಿದ ಕೂಲಿ. ಉಣ್ಣೆಗೆ ಹುಳುವಿನ ಭಯವೂ ಇದೆ. ಆದ್ದರಿಂದ ತುಪ್ಪಟವನ್ನು ತೊಳೆದು ಬಿಳಿಯಾಗಿಯೇ ಇಟ್ಟುಕೊಳ್ಳಿ. ಬೇಡಿಕೆ ಬಂದ ಬಣ್ಣಕ್ಕೆ ಅರ್ಧ ಹಣ ಮುಂಗಡ ಯುಪಿಐನಲ್ಲಿ ಪಡೆದು ಆಮೇಲೆ ಹಂಡೆಗೆ ಹಾಕಿ. ಒಂದು ಹಂಡೆಯ ಬಣ್ಣ ಇನ್ನೊಂದಕ್ಕೆ ಪೂರ್ತಿ ಹೊಂದುವುದಿಲ್ಲ. ಪ್ರತಿ ಪೊಟ್ಟಣದ ಮೇಲೆ ಹಂಡೆಯ ಸಂಖ್ಯೆ ಬರೆಯಿರಿ, ಬೇಕಾದಷ್ಟನ್ನೂ ಒಟ್ಟಿಗೆ ಕೊಳ್ಳಲು ಗಿರಾಕಿಗೆ ಹೇಳಿ. ತಕರಾರು ಅರ್ಧ ಕಡಿಮೆಯಾಗುತ್ತದೆ.

ತೂಕ ಮತ್ತು ಗಾತ್ರ

ಉಣ್ಣೆ ಗಾಳಿಯ ತೇವವನ್ನು ಕುಡಿಯುತ್ತದೆ. ತನ್ನ ತೂಕದ ನೂರಕ್ಕೆ ಮೂವತ್ತರಷ್ಟು ನೀರು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಎನ್ನಿಸುವುದಿಲ್ಲ. ಆಷಾಢದ ಬಿಕ್ಕೋಡಿನಲ್ಲಿ ನೂರು ಗ್ರಾಂ ತೂಗಿದ ಪೊಟ್ಟಣ ಒಣ ಹವೆಯ ಊರು ಸೇರಿದಾಗ ನೂರು ಗ್ರಾಂ ಇರುವುದಿಲ್ಲ. ಬೇಸಿಗೆಯಲ್ಲೇ ತೂಗಿ ಗಾಳಿಯಾಡದ ಚೀಲದಲ್ಲಿ ಮುಚ್ಚಿಡುವುದು ಒಳ್ಳೆಯದು; ಮಳೆಗಾಲದಲ್ಲಿ ತೂಗಿದರೆ ಹತ್ತು ಹದಿನೈದು ಗ್ರಾಂ ಹೆಚ್ಚು ಹಾಕಿ. ಆ ಖರ್ಚನ್ನೂ ಬೆಲೆಯಲ್ಲಿ ಸೇರಿಸಿ.

ಇನ್ನೊಂದು ಸೋರಿಕೆ ಪೆಟ್ಟಿಗೆಯಲ್ಲಿ. ಕೊರಿಯರ್‌ನವರು ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಅದು ತಕ್ಕಡಿಯ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ಹಣ. ಅರ್ಧ ಕಿಲೋ ಉಣ್ಣೆಯನ್ನು 30, 25, 20 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಉಬ್ಬಿಸಿ ಕಳಿಸಿದರೆ ಮೂರು ಕಿಲೋದ ದರ. ಅದನ್ನೇ ಒತ್ತಿ 30, 20, 8ರ ಪೊಟ್ಟಣ ಮಾಡಿದರೆ ಒಂದು ಕಿಲೋ ಒಳಗೆ. ಕೆಲವು ದಿನ ಒತ್ತಿಟ್ಟರೆ ಉಣ್ಣೆ ಹಾಳಾಗದು. ಬಿಡಿಸಿದ ಮೇಲೆ ಅರಳುತ್ತದೆ. ಬಿಕ್ಕೋಡಿನ ಸುತ್ತ ಕಾಡಾನೆಗಳ ಓಡಾಟ ಇರುವುದರಿಂದ ಸಂಜೆಯ ಮೇಲೆ ಪಾರ್ಸೆಲ್ ಹಿಡಿದು ಹೊರಡುವಂತಿಲ್ಲ. ವಾರದಲ್ಲಿ ಗೊತ್ತಾದ ಒಂದು ದಿನ, ಹಗಲಿನಲ್ಲೇ ಎಲ್ಲವನ್ನೂ ಒಟ್ಟಿಗೆ ರವಾನಿಸುವುದಾಗಿ ಮೊದಲೇ ಹೇಳಿಬಿಟ್ಟರೆ ಓಡಾಟದ ಖರ್ಚೂ ಉಳಿಯುತ್ತದೆ.

ಯಾರಿಗೆ ಮಾರುವುದು

ನಮ್ಮ ಒರಟು ಉಣ್ಣೆಯನ್ನು ವಿದೇಶಿ ಮೆರಿನೊದ ಪಕ್ಕ ನಿಲ್ಲಿಸಿ ‘ಇದೂ ಮೆತ್ತಗಿದೆ’ ಎಂದು ಮಾರಬಾರದು. ಕೊರಳಿಗೆ ಸುತ್ತುವ ಶಾಲಿಗೆ ಅದು ಚುಚ್ಚುತ್ತದೆ. ನೆಲಹಾಸು, ಚೀಲ, ಗೋಡೆಗೆ ತೂಗುವ ನೇಯ್ಗೆ, ಸೂಜಿಯಿಂದ ಚುಚ್ಚಿ ಮಾಡುವ ಉಣ್ಣೆಯ ಗೊಂಬೆ ಇವಕ್ಕೆ ಅದು ಗಟ್ಟಿಮುಟ್ಟು. ಮೆತ್ತನೆಯದೇ ಬೇಕೆನ್ನುವವರಿಗೆ ದಕ್ಷಿಣದಲ್ಲೇ ದಾರಿಯಿದೆ: ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಕೊಡೈಕೆನಾಲ್ ಬಳಿಯ ಮನ್ನವನೂರಿನ ತನ್ನ ಕೇಂದ್ರದಲ್ಲಿ ‘ಭಾರತ ಮೆರಿನೊ’ ಕುರಿ ಸಾಕುತ್ತದೆ. ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಆದರೆ ಗುಡಿ ನೋಡಲು ಬಂದವರು ನೂಲುವ ಉಣ್ಣೆ ಕೊಳ್ಳುವುದಿಲ್ಲ; ಸಿದ್ಧ ವಸ್ತು ಕೊಳ್ಳುತ್ತಾರೆ. ಉಳಿದ ತುಣುಕು ಉಣ್ಣೆಗೆ ಅಲ್ಲಿ ದಾರಿಯಿದೆ.

ಕಾಗದಪತ್ರ

ಸರಕನ್ನಷ್ಟೇ ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ ಎಂಬುದು ನಿಜ. ಆದರೆ ಸರಕು ರಾಜ್ಯದ ಗಡಿ ದಾಟಿದರೆ ಈ ಮಿತಿ ಅನ್ವಯಿಸದು, ನೋಂದಣಿ ಬೇಕು. ಕರಕುಶಲ ವಸ್ತುಗಳಿಗೆ ವಿನಾಯಿತಿಯಿದೆ, ಅದಕ್ಕೆ ನಿಗದಿತ ಪಟ್ಟಿಯಿದೆ. ಬಣ್ಣ ಹಾಕಿದ ಉಣ್ಣೆ ಅದರಲ್ಲಿ ತಾನಾಗಿ ಸೇರಿದೆ ಎಂದುಕೊಳ್ಳದೆ ಲೆಕ್ಕಪರಿಶೋಧಕರನ್ನು ಕೇಳಿ. 2023ರ ಅಕ್ಟೋಬರ್‌ನಿಂದ ನೋಂದಣಿಯಿಲ್ಲದ ಸಣ್ಣ ಮಾರಾಟಗಾರರೂ ಇ-ಕಾಮರ್ಸ್ ತಾಣಗಳಲ್ಲಿ ರಾಜ್ಯದೊಳಗೆ ಮಾರಬಹುದು. ಅದಕ್ಕೆ ಜಿಎಸ್‌ಟಿ ಜಾಲತಾಣದಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆಯಬೇಕು. ಮೊದಲ ವರ್ಷ ಬೆಂಗಳೂರು, ಮೈಸೂರಿನ ಗಿರಾಕಿಗಳೇ ಸಾಕು.

ವಿದೇಶಕ್ಕೆ ಕಳಿಸಲು ಆಮದು-ರಫ್ತು ಸಂಕೇತ ಬೇಕು; ಶುಲ್ಕ 500 ರೂಪಾಯಿ. ಆದರೆ 2025ರ ಆಗಸ್ಟ್ ಕೊನೆಯಲ್ಲಿ ಅಮೆರಿಕ 800 ಡಾಲರ್ ಒಳಗಿನ ಸರಕಿಗಿದ್ದ ಸುಂಕ ವಿನಾಯಿತಿ ತೆಗೆದಾಗ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ಸೇವೆಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಒಂದೇ ದೇಶದ ಗಿರಾಕಿಗಳನ್ನು ನಂಬಿ ಸಾಲ ಮಾಡಬೇಡಿ.

ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ಹಣ ಕೇಳುವ ದಲ್ಲಾಳಿಗೆ ಒಂದು ರೂಪಾಯಿಯೂ ಕೊಡಬೇಡಿ. ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಣ್ಣ ಹಾಕುವುದು ಸೇರಿಲ್ಲ. ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000ದವರೆಗೆ ಸಾಲ ಸಿಗುತ್ತದೆ. ಹಂಡೆ, ತಕ್ಕಡಿ, ಥರ್ಮಾಮೀಟರಿಗೆ ಸ್ವಸಹಾಯ ಸಂಘದ ಉಳಿತಾಯವೇ ಸಾಕು. ಹಿಂಜುವ ಯಂತ್ರಕ್ಕೆ ಮಾತ್ರ ಬ್ಯಾಂಕಿಗೆ ಹೋಗಿ, ಅದೂ ಕೈಯಲ್ಲಿ ಹಿಂಜಿ ಪೂರೈಸಲಾರದಷ್ಟು ಬೇಡಿಕೆ ಬಂದ ಮೇಲೆ.

ಈ ಕಸುಬು ಯಾರನ್ನೂ ಶ್ರೀಮಂತರನ್ನಾಗಿ ಮಾಡುವುದಿಲ್ಲ. ಬೇಲಿಗೆ ಬೀಳುತ್ತಿದ್ದ ಉಣ್ಣೆಗೆ ಬೆಲೆ ತರುತ್ತದೆ, ಕಾಫಿ ಕೆಲಸವಿಲ್ಲದ ತಿಂಗಳುಗಳಲ್ಲಿ ಮನೆಗೆ ಕೂಲಿ ತರುತ್ತದೆ. ನನ್ನ ದೃಷ್ಟಿಯಲ್ಲಿ ಅದು ಸಣ್ಣ ಸಾಧನೆಯಲ್ಲ. ಆದರೆ ಅದು ನಿಜವಾಗಬೇಕಾದರೆ ಲೆಕ್ಕದ ಪುಸ್ತಕದ ಮೊದಲ ಸಾಲಿನಲ್ಲಿ ನಿಮ್ಮ ಕೂಲಿ ಇರಬೇಕು. ತುಪ್ಪಟ, ಬಣ್ಣ, ಅಂಚೆ ಎಲ್ಲ ಅದರ ಕೆಳಗೆ. ಆ ಕೂಲಿ ಹುಟ್ಟದ ಬೆಲೆಗೆ ಯಾರು ಎಷ್ಟೇ ಹೊಗಳಿ ಕೇಳಿದರೂ ಒಂದು ಪೊಟ್ಟಣವನ್ನೂ ಮಾರಬೇಡಿ.